ಶ್ವಾಸಕೋಶದ ಕ್ಯಾನ್ಸರ್: ನಮ್ಮ ಹೆಂಗಸರಿಗೆ ಆ್ಯಪ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಊರು ತುಮಕೂರು ಜಿಲ್ಲೆ. ಕಳೆದ ವರ್ಷ ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ಒಡಹುಟ್ಟಿದ ತಂಗಿ, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ 58 ವರ್ಷ. ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಅಮೆರಿಕದಲ್ಲಿ ಹೆಂಗಸರನ್ನು ಮೊಬೈಲ್ ಸಂದೇಶ, ಆನ್‌ಲೈನ್ ಪ್ರಶ್ನಾವಳಿಗಳ ಮೂಲಕ ಶ್ವಾಸಕೋಶದ ತಪಾಸಣೆಗೆ ಕರೆತರುತ್ತಾರೆ ಎಂದು ಓದಿದೆ. ನಾನೂ ಮೂವರು ಗೆಳತಿಯರೂ ಸೇರಿ ಕನ್ನಡದಲ್ಲಿ ಅಂಥದ್ದೊಂದು ಆ್ಯಪ್ ಮಾಡಿ ನಮ್ಮ ಕಡೆಯ ಸ್ತ್ರೀಶಕ್ತಿ ಸಂಘಗಳ ಮೂಲಕ ಹಂಚಬೇಕೆಂದಿದ್ದೇವೆ. ಹೇಗೆ ಮಾಡಿದರೆ ನಿಜಕ್ಕೂ ಉಪಯೋಗ? ಇನ್ನೊಂದು, ನನ್ನ ಅಮ್ಮನಿಗೆ 62. ಅವರಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಬೇಕೆ?

ಉತ್ತರ: ನಿಮ್ಮ ಚಿಕ್ಕಮ್ಮನ ವಿಷಯ ಓದಿ ಬೇಸರವಾಯಿತು. "ಒಂದು ಬೀಡಿ ಮುಟ್ಟಿದವರಲ್ಲ" ಎಂಬ ಮಾತು ನಾನು ಒ.ಪಿ.ಡಿ.ಯಲ್ಲಿ ಮತ್ತೆ ಮತ್ತೆ ಕೇಳುವಂಥದ್ದು. ಮಗಳೋ ಗಂಡನೋ ಅದನ್ನು ಹೇಳುವಾಗ ದನಿಯಲ್ಲಿ ಒಂದು ಸಮಜಾಯಿಷಿ ಇರುತ್ತದೆ. ಸೇದಿದವರಿಗೆ ಮಾತ್ರ ಬರುವ ಕಾಯಿಲೆ ಇದು ಎಂದು ಊರೆಲ್ಲ ನಂಬಿರುವಾಗ, ನಮ್ಮವರು ಅಂಥವರಲ್ಲ ಎಂದು ಮೊದಲೇ ಸಾಕ್ಷಿ ಹೇಳಬೇಕಾಗುತ್ತದೆ. ಸೇದಿದವರಾದರೂ ಈ ನೋವಿಗೆ ಅರ್ಹರೇನಲ್ಲ. ನೀವು ಏನೇ ಮಾಡಿದರೂ ಅದರ ಒಂದೊಂದು ಸಾಲಿನಲ್ಲೂ ಈ ಎಚ್ಚರ ಇರಲಿ ಎಂಬುದು ನನ್ನ ಮೊದಲ ಕೋರಿಕೆ. ಅಮ್ಮನ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮಿಕ್ಕದ್ದನ್ನು ಹೇಳದೆ ಅದಕ್ಕೆ ಉತ್ತರ ಕೊಡಲಾಗದು.

ಮೊದಲು ಅಮೆರಿಕದ ಕಥೆ. ಅದರಿಂದ ತೆಗೆದುಕೊಳ್ಳುವುದೂ ಇದೆ, ಬಿಡಬೇಕಾದ್ದೂ ಇದೆ. ಅಲ್ಲಿ ಹೆಂಗಸರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಕ್ಯಾನ್ಸರ್ ಸ್ತನದ್ದೆಂದು ಬಹಳ ಜನ ತಿಳಿದಿದ್ದಾರೆ. 1987ರಿಂದ ಈಚೆಗೆ ಆ ಜಾಗದಲ್ಲಿರುವುದು ಶ್ವಾಸಕೋಶದ ಕ್ಯಾನ್ಸರ್. ಕಾಯಿಲೆ ಶ್ವಾಸಕೋಶದೊಳಗೇ ಇರುವಾಗ ಸಿಕ್ಕರೆ ಐದು ವರ್ಷ ದಾಟುವವರು ನೂರಕ್ಕೆ ಅರವತ್ತಕ್ಕೂ ಹೆಚ್ಚು. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಹತ್ತಕ್ಕೂ ಕಡಿಮೆ. ಈ ಅಂತರವೇ ತಪಾಸಣೆಯ, ಅಂದರೆ ಯಾವ ಲಕ್ಷಣವೂ ಇಲ್ಲದವರಲ್ಲಿ ಮೊದಲೇ ಕಾಯಿಲೆ ಹುಡುಕುವ ಪರೀಕ್ಷೆಯ, ಆಸೆ ಹುಟ್ಟಿಸುವುದು.

2011ರಲ್ಲಿ ಅಲ್ಲಿನ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗದ ಫಲಿತಾಂಶ ಬಂತು. ಹೆಚ್ಚು ಸೇದಿದ 53,454 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ವರ್ಷಕ್ಕೊಮ್ಮೆಯಂತೆ ಮೂರು ಸಲ ಎದೆಯ ಎಕ್ಸ್‌ರೇ, ಇನ್ನೊಂದಕ್ಕೆ ಕಡಿಮೆ ವಿಕಿರಣದ ಸಿ.ಟಿ. ಮಾಡಿದ್ದರು. ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ 20ರಷ್ಟು ಕಡಿಮೆ. 2020ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್-ಬೆಲ್ಜಿಯಂನ ನೆಲ್ಸನ್ ಪ್ರಯೋಗವೂ ಇದನ್ನೇ ಹೇಳಿತು. ಅದರಲ್ಲಿ 13,195 ಗಂಡಸರಿದ್ದರು, ಹೆಂಗಸರು ಬರೀ 2,594. ಹೆಂಗಸರಲ್ಲಿ ಲಾಭ ಇನ್ನೂ ಹೆಚ್ಚಿರುವಂತೆ ಕಂಡಿತು, ಆದರೆ ಸಂಖ್ಯೆ ಚಿಕ್ಕದಾದ್ದರಿಂದ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಹೆಂಗಸರ ಪ್ರಶ್ನೆಗೆ ಉತ್ತರ ಸಿಗಬೇಕಾದ ಜಾಗದಲ್ಲೇ ಹೆಂಗಸರು ಸಾಕಷ್ಟು ಇರದಿರುವುದು ನಮ್ಮ ವೈದ್ಯಶಾಸ್ತ್ರದ ಹಳೆಯ ಕೊರತೆ.

ಈಗ ಅಮೆರಿಕದ ಶಿಫಾರಸು ಹೀಗಿದೆ: ವಯಸ್ಸು 50ರಿಂದ 80, ದಿನಕ್ಕೊಂದು ಪ್ಯಾಕ್‌ನಂತೆ 20 ವರ್ಷ ಅಥವಾ ಅದಕ್ಕೆ ಸಮನಾದಷ್ಟು ಸಿಗರೇಟು ಸೇದಿರಬೇಕು, ಈಗಲೂ ಸೇದುತ್ತಿರಬೇಕು ಇಲ್ಲವೇ ಬಿಟ್ಟು 15 ವರ್ಷದೊಳಗಾಗಿರಬೇಕು. 2021ಕ್ಕೆ ಮೊದಲು ಇದು ವಯಸ್ಸು 55ರಿಂದ, ದಿನಕ್ಕೊಂದು ಪ್ಯಾಕ್‌ನಂತೆ 30 ವರ್ಷ ಎಂದಿತ್ತು. ಹೆಂಗಸರು ಸಾಮಾನ್ಯವಾಗಿ ಕಡಿಮೆ ಸೇದಿಯೂ ಕಾಯಿಲೆ ಬೀಳುತ್ತಾರೆ, ಹಳೆಯ ಗೆರೆ ಅವರನ್ನು ಹೊರಗಿಡುತ್ತಿತ್ತು. ಗೆರೆ ಇಳಿಸಿದ್ದಕ್ಕೆ ಅದೂ ಒಂದು ಕಾರಣ.

ಇಷ್ಟಾದರೂ ಅರ್ಹರಾದ ಐವರಲ್ಲಿ ಒಬ್ಬರೂ ಪೂರ್ತಿಯಾಗಿ ತಪಾಸಣೆಗೆ ಬರುತ್ತಿಲ್ಲ. ಅದೇ ಹೆಂಗಸರಲ್ಲಿ ಹೆಚ್ಚಿನವರು ಮ್ಯಾಮೊಗ್ರಾಮ್‌ಗೆ, ಅಂದರೆ ಸ್ತನದ ಎಕ್ಸ್‌ರೇ ತಪಾಸಣೆಗೆ, ಬರುತ್ತಾರೆ! ಡಿಜಿಟಲ್ ಸಾಧನಗಳು ಹುಟ್ಟಿದ್ದು ಈ ಬಿರುಕಿನಲ್ಲಿ. ಅಮೆರಿಕನ್ ಲಂಗ್ ಅಸೋಸಿಯೇಷನ್ 2017ರಲ್ಲಿ 'ಸೇವ್ಡ್ ಬೈ ದ ಸ್ಕ್ಯಾನ್' ಎಂಬ ಪ್ರಚಾರ ಶುರುಮಾಡಿ, ನಾಲ್ಕಾರು ಪ್ರಶ್ನೆಗಳಲ್ಲಿ "ನೀವು ಅರ್ಹರೇ" ಎಂದು ತಿಳಿಸುವ ಆನ್‌ಲೈನ್ ಪ್ರಶ್ನಾವಳಿ ಇಟ್ಟಿತು. ಮಿಷಿಗನ್ ವಿಶ್ವವಿದ್ಯಾಲಯದವರು ಲಾಭ-ನಷ್ಟ ಎರಡನ್ನೂ ಚಿತ್ರಗಳಲ್ಲಿ ತೋರಿಸುವ ಜಾಲತಾಣ ಮಾಡಿದರು. ಕೆಲವು ಕಡೆ ಮ್ಯಾಮೊಗ್ರಾಮ್‌ಗೆ ಬಂದ ಹೆಂಗಸರು ತುಂಬುವ ಫಾರಂನಲ್ಲೇ ಸೇದುವ ಪ್ರಶ್ನೆ ಸೇರಿಸಿ, ಅರ್ಹರಾದವರನ್ನು ಅಲ್ಲಿಂದಲೇ ಎದೆಯ ಸಿ.ಟಿ.ಗೆ ಕಳಿಸುವ ಪ್ರಯತ್ನ ನಡೆಯಿತು. ಈ ಕೊನೆಯದು ನನಗೆ ತುಂಬ ಹಿಡಿಸಿದ್ದು. ಹೆಂಗಸು ಈಗಾಗಲೇ ಬಂದು ನಿಂತ ಬಾಗಿಲಲ್ಲೇ ಇನ್ನೊಂದು ಮಾತು ಕೇಳುವುದು. ಅವಳನ್ನು ಹೊಸದಾಗಿ ಎಲ್ಲಿಗೂ ಬಾ ಎನ್ನದಿರುವುದು.

ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಎಂಪಾತ್-ಲಂಗ್ ಎಂಬ ಕಾರ್ಯಕ್ರಮವನ್ನು ನೀವು ಗಮನಿಸಬೇಕು. ರೋಗಿಯ ಫೋನಿಗೆ ಸಂದೇಶ ಹೋಗುತ್ತದೆ. ಒತ್ತಿದರೆ ಸೇದಿದ ವಿವರ ಕೇಳುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಆ ವಿವರ ಅರ್ಧಂಬರ್ಧ ಇರುವುದೇ ಹೆಚ್ಚು, ಹಾಗಾಗಿ ನೇರವಾಗಿ ಅವರನ್ನೇ ಕೇಳುತ್ತಾರೆ. ಅರ್ಹರಾದವರಿಗೆ ಒಂದು ಚಿಕ್ಕ ವಿಡಿಯೊ ತೋರಿಸಿ, "ಬೇಕೆಂದರೆ ಇಲ್ಲೇ ಅಪಾಯಿಂಟ್‌ಮೆಂಟ್ ಕೇಳಿ" ಎನ್ನುತ್ತದೆ. ಪ್ರಯೋಗದಲ್ಲಿ ಇದು ಸಿಕ್ಕವರಲ್ಲಿ ನೂರಕ್ಕೆ ಸುಮಾರು 24 ಮಂದಿ ಸಿ.ಟಿ. ಮಾಡಿಸಿಕೊಂಡರು, ಸಿಗದ ಗುಂಪಿನಲ್ಲಿ 17. ಚೆನ್ನಾಗಿ ಯೋಚಿಸಿ ಮಾಡಿದ ಸಾಧನವೂ ನೂರರಲ್ಲಿ ಏಳೆಂಟು ಜನರನ್ನು ಹೆಚ್ಚಿಗೆ ಕರೆತಂದಿತು. ಇದನ್ನು ಕಡಿಮೆಯೆಂದು ನಾನು ಹೇಳುವುದಿಲ್ಲ. ಆ ಏಳೆಂಟು ಜನ ಬಂದದ್ದು ಹೇಗೆ ಎಂಬುದನ್ನು ನೋಡಿ: ಕೇಳಿತು, ತಿಳಿಸಿತು, ಅಲ್ಲೇ ದಾರಿ ಮಾಡಿಕೊಟ್ಟಿತು. ಮೂರನೆಯದು ಇಲ್ಲದಿದ್ದರೆ ಮೊದಲೆರಡು ಬರೀ ಗಾಬರಿ ಹುಟ್ಟಿಸುತ್ತವೆ.

ಇನ್ನು ನಮ್ಮ ಕಡೆಗೆ ಬರೋಣ. ಆ ಆ್ಯಪನ್ನು ಹಾಗೇ ಕನ್ನಡಕ್ಕೆ ತಂದು ತುಮಕೂರಿನ ಒಂದು ಹಳ್ಳಿಯಲ್ಲಿ ಕೊಟ್ಟರೆ ಮೊದಲ ಪ್ರಶ್ನೆಗೇ ಅದು ನಿಂತುಹೋಗುತ್ತದೆ. "ನೀವು ಧೂಮಪಾನ ಮಾಡುತ್ತೀರಾ?" 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ಹೆಂಗಸರಲ್ಲಿ ಸೇದುವವರು ನೂರಕ್ಕೆ ಇಬ್ಬರು. ನಿಮ್ಮ ಚಿಕ್ಕಮ್ಮನಂಥವರು "ಇಲ್ಲ" ಒತ್ತುತ್ತಾರೆ. ಆ್ಯಪ್ "ನಿಮಗೆ ಅಪಾಯ ಕಡಿಮೆ, ಧನ್ಯವಾದ" ಎಂದು ಕಳಿಸಿಬಿಡುತ್ತದೆ. ಬಡ ಹೆಂಗಸಿಗೆ ಮೊಬೈಲೇ ಹೇಳಿತಲ್ಲ ಎಂಬ ಧೈರ್ಯ ಬೇರೆ.

ಸೇದದ ಹೆಂಗಸರ ವಿಷಯದಲ್ಲಿ ದಾರಿ ತೋರಿಸಿದ್ದು ತೈವಾನ್. ಅಲ್ಲಿ ಟ್ಯಾಲೆಂಟ್ ಎಂಬ ಅಧ್ಯಯನದಲ್ಲಿ 55ರಿಂದ 75 ವರ್ಷದ, ಸೇದದ ಅಥವಾ ಬಿಟ್ಟು ಬಹಳ ಕಾಲವಾದ 12,011 ಮಂದಿಗೆ ಸಿ.ಟಿ. ಮಾಡಿದರು. ಅವರನ್ನು ಆರಿಸಿದ್ದು ಬೇರೆ ಪ್ರಶ್ನೆಗಳಿಂದ: ಮನೆಯವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತೆ, ಪಕ್ಕದಲ್ಲಿ ಸೇದುವವರಿದ್ದಾರೆಯೇ, ಹಿಂದೆ ಟಿ.ಬಿ. ಅಥವಾ ದಮ್ಮಿನ ಕಾಯಿಲೆ ಆಗಿತ್ತೆ, ಅಡುಗೆಮನೆಯಲ್ಲಿ ಹೊಗೆ ಹೋಗುವ ದಾರಿ ಇದೆಯೇ. ವಾರಕ್ಕೆಷ್ಟು ದಿನ ಎಣ್ಣೆಯಲ್ಲಿ ಕರಿಯುತ್ತೀರಿ, ಎಷ್ಟು ವರ್ಷದಿಂದ ಎಂದು ಲೆಕ್ಕಹಾಕುವ 'ಅಡುಗೆ ಸೂಚ್ಯಂಕ'ವನ್ನೇ ಅವರು ಮಾಡಿಕೊಂಡಿದ್ದರು. ಮೊದಲ ಸುತ್ತಿನಲ್ಲೇ ನೂರಕ್ಕೆ 2.6 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. 2022ರಿಂದ ತೈವಾನ್ ಸರ್ಕಾರ, ಹೆಚ್ಚು ಸೇದಿದವರ ಜೊತೆಗೆ, ತಂದೆ ತಾಯಿ, ಒಡಹುಟ್ಟು ಅಥವಾ ಮಕ್ಕಳಿಗೆ ಈ ಕಾಯಿಲೆ ಬಂದವರಿಗೂ ತನ್ನ ಖರ್ಚಿನಲ್ಲೇ ಸಿ.ಟಿ. ಮಾಡಿಸುತ್ತಿದೆ.

ಒಲೆಯ ಹೊಗೆಯ ಸಾಕ್ಷಿ ಇನ್ನೂ ಹಳೆಯದು. ಚೀನಾದ ಶುವಾನ್‌ವೇ ಎಂಬಲ್ಲಿ ಹೆಂಗಸರು ಸೇದುತ್ತಿರಲಿಲ್ಲ. ಮನೆಯೊಳಗೆ ಹೊಗೆ ಕಾರುವ ಕಲ್ಲಿದ್ದಲು ಉರಿಸಿ ಅಡುಗೆ ಮಾಡುತ್ತಿದ್ದರು, ಶ್ವಾಸಕೋಶದ ಕ್ಯಾನ್ಸರ್ ಅಲ್ಲಿ ವಿಪರೀತವಾಗಿತ್ತು. ಚಿಮಣಿ ಇರುವ ಒಲೆ ಬಂದ ಮೇಲೆ ಇಳಿಯಿತು. ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕ ಎಂದಿದೆ, ಸೌದೆ ಹೊಗೆಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದಿದೆ. ನಮ್ಮದು ಸೌದೆ, ಬೆರಣಿ, ತೊಗರಿಕಡ್ಡಿ, ತೆಂಗಿನ ಮಟ್ಟೆಯ ಒಲೆ. ಹಾಗಾಗಿ ಶುವಾನ್‌ವೇಯ ಅಂಕಿಯನ್ನು ನಮ್ಮ ಮೇಲೆ ಹೊರಿಸಬೇಡಿ, ಆ ಪ್ರಶ್ನೆಯನ್ನು ಮಾತ್ರ ತೆಗೆದುಕೊಳ್ಳಿ.

ಆ ಪ್ರಶ್ನೆಯನ್ನಾದರೂ ಹೇಗೆ ಕೇಳುವುದು? ಒಮ್ಮೆ ಮಧುಗಿರಿ ಕಡೆಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋಗಿದ್ದೆ. ಆಕೆಯ ಬಳಿ ಸಿಬ್ಯಾಕ್ ಫಾರಂ ಇತ್ತು. ಮೂವತ್ತು ದಾಟಿದವರಿಗೆ ಬಿ.ಪಿ., ಶುಗರ್, ಕ್ಯಾನ್ಸರ್‌ಗಳ ಅಪಾಯ ಅಳೆಯಲು ತುಂಬಿಸುವ ಪಟ್ಟಿ ಅದು, ಈಗ ಮೊಬೈಲಿನಲ್ಲೇ ತುಂಬುತ್ತಾರೆ. ಅದರಲ್ಲಿ ಅಡುಗೆಗೆ ಯಾವ ಉರುವಲು ಎಂಬ ಪ್ರಶ್ನೆಯಿದೆ. ಆಶಾ ಕೇಳಿದರು. ಅರವತ್ತು ದಾಟಿದ ಅಜ್ಜಿ "ಗ್ಯಾಸು ಕಣವ್ವ" ಎಂದರು. ಆಶಾ ಗ್ಯಾಸ್ ಎಂದು ಒತ್ತಿದರು. ನಿಜವೇ, ಅಡುಗೆಮನೆಯಲ್ಲಿ ಸಿಲಿಂಡರ್ ಇತ್ತು. ಆದರೆ ನಾವು ಕೂತ ಪಡಸಾಲೆಯ ಗೋಡೆ ಸೂರಿನವರೆಗೆ ಕಪ್ಪಾಗಿತ್ತು, ಹಿಂದಿನ ಬಚ್ಚಲಲ್ಲಿ ಹಂಡೆ ಒಲೆ ಇನ್ನೂ ಹೊಗೆಯಾಡುತ್ತಿತ್ತು. "ಅಜ್ಜಿ, ಇವತ್ತು ಬೆಳಿಗ್ಗೆ ಒಲೆ ಹಚ್ಚಿದ್ರಾ?" ಎಂದು ಕೇಳಿದೆ. "ಹೂಂ, ನೀರೊಲೆ ಹಚ್ಚದೆ ಆಯ್ತದಾ? ಮುದ್ದೆಗೂ ಸೌದೆ ಒಲೇನೇ, ಗ್ಯಾಸಲ್ಲಿ ಮುದ್ದೆ ರುಚಿ ಬರಕಿಲ್ಲ." ಊದುಗೊಳವೆ ಅವರ ಕೈಗೆಟಕುವಲ್ಲೇ ಇತ್ತು. ಹನ್ನೆರಡನೇ ವಯಸ್ಸಿನಿಂದ ಊದುತ್ತಿದ್ದಾರೆ. ಮೊಬೈಲಿನಲ್ಲಿ ಮಾತ್ರ ಅವರು ಗ್ಯಾಸ್ ಬಳಸುವವರು.

ನಿಮ್ಮ ನಾಲ್ವರ ಸಾಫ್ಟ್‌ವೇರ್ ಜಾಣ್ಮೆಗಿಂತ ಈ ಒಂದು ಪ್ರಶ್ನೆಯ ಮಾತುಕಟ್ಟು ಮುಖ್ಯ. "ಯಾವ ಇಂಧನ ಬಳಸುತ್ತೀರಿ" ಎಂದು ಕೇಳಬೇಡಿ. "ನಿನ್ನೆ ಒಲೆ ಹಚ್ಚಿದಿರಾ? ಏನೇನಕ್ಕೆ?" ಎಂದು ಕೇಳಿ. "ಒಲೆ ಮುಂದೆ ಕೂತಾಗ ಕಣ್ಣಲ್ಲಿ ನೀರು ಬರುತ್ತದೆಯೇ?" ಎನ್ನಿ. ಹೊಗೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಸರಳ ಅಳತೆ ನನಗೆ ಕಂಡಿಲ್ಲ. "ಮನೆಯಲ್ಲಿ ಯಾರು ಬೀಡಿ ಸೇದುತ್ತಾರೆ, ಒಳಗೋ ಹೊರಗೋ?" ಎಂಬುದನ್ನೂ ಸೇರಿಸಿ.

ಸೇದುವ ಪ್ರಶ್ನೆಯನ್ನು ಪೂರ್ತಿ ಬಿಡಬೇಡಿ, ಕೊನೆಗೆ ಇಡಿ. ನಮ್ಮಲ್ಲಿ ಸೇದುವ ಹೆಂಗಸರು ಕಡಿಮೆ, ಆದರೆ ಇದ್ದಾರೆ. ಸೊಸೆಯ ಎದುರು, ಆಶಾ ಎದುರು ಬಾಯಿ ಬಿಡುವುದಿಲ್ಲ. ನಾಚಿಕೆಯ ವಿಷಯಗಳಿಗೆ ಎದುರಿರುವ ಮನುಷ್ಯರಿಗಿಂತ ಯಂತ್ರಕ್ಕೆ ನಿಜ ಹೇಳುವವರು ಹೆಚ್ಚು ಎಂಬುದು ಸಮೀಕ್ಷೆ ನಡೆಸುವವರಿಗೆಲ್ಲ ಗೊತ್ತಿರುವ ವಿಷಯ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಧ್ವನಿಯಲ್ಲಿ ಪ್ರಶ್ನೆ ಕೇಳಿಸಿ, ಹೌದಿಗೆ ಹಸಿರು, ಇಲ್ಲಕ್ಕೆ ಕೆಂಪು ಒತ್ತಿಸಿ. ಆ್ಯಪ್ ಮನುಷ್ಯರಿಗಿಂತ ಮೇಲೆನಿಸುವ ಜಾಗ ಇದೊಂದೇ ಎಂದು ನನ್ನ ಅನಿಸಿಕೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು ಇವರಿಗಿಂತ ಬಹಳ ಹೆಚ್ಚು. ಅವರಿಗೆ ಮೊದಲು ಬೇಕಾದ್ದು ಬಾಯಿ ಪರೀಕ್ಷೆ, ಅವರನ್ನು ಅಲ್ಲಿಗೆ ಕಳಿಸಿ.

ಇಷ್ಟೆಲ್ಲ ಕೇಳಿ ಅಪಾಯ ಇರುವ ಹೆಂಗಸರ ಪಟ್ಟಿ ಸಿಕ್ಕಿತೆನ್ನಿ. ಎಲ್ಲರಿಗೂ "ಸಿ.ಟಿ. ಮಾಡಿಸಿ" ಎಂದು ಸಂದೇಶ ಕಳಿಸುವುದೇ? ಬೇಡ. ಇದನ್ನು ನಾನು ತುಂಬ ಯೋಚಿಸಿ ಹೇಳುತ್ತಿದ್ದೇನೆ.

ತೈವಾನಿನಲ್ಲೇ ಇನ್ನೊಂದು ಪಾಠವಿದೆ. ಅಲ್ಲಿ 2004ರಿಂದ 2018ರೊಳಗೆ ಸಿ.ಟಿ. ಬಳಕೆ ಹರಡಿದಂತೆ, ಹೆಂಗಸರಲ್ಲಿ ಆರಂಭದ ಹಂತದ ಕ್ಯಾನ್ಸರ್ ಸಿಗುವುದು ಆರು ಪಟ್ಟು ಏರಿತು. ಹಾಗಾದರೆ ಮುಂದುವರಿದ ಹಂತದ್ದು ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ. ಅಂದರೆ ಜೀವಮಾನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಗಂಟುಗಳನ್ನೂ ಹುಡುಕಿ, ಕ್ಯಾನ್ಸರ್ ಎಂದು ಹೆಸರಿಟ್ಟು, ಆಪರೇಷನ್ ಮಾಡಿದಂತಾಯಿತು. ಸೇದದ ಹೆಂಗಸರಲ್ಲಿ ಸಿ.ಟಿ. ತಪಾಸಣೆ ಸಾವನ್ನು ತಗ್ಗಿಸುತ್ತದೆ ಎಂದು ದೊಡ್ಡ ತುಲನಾತ್ಮಕ ಪ್ರಯೋಗದಲ್ಲಿ ಇನ್ನೂ ಸಾಬೀತಾಗಿಲ್ಲ. ಅಮೆರಿಕದ ಪ್ರಯೋಗದಲ್ಲೂ ಸುಮಾರು ಕಾಲು ಭಾಗ ಸಿ.ಟಿ.ಗಳಲ್ಲಿ ಏನೋ ಒಂದು ಕಂಡಿತು, ಹಾಗೆ ಕಂಡದ್ದರಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಈಗ ಗಂಟುಗಳನ್ನು ಅಳೆದು ವಿಂಗಡಿಸುವ ಕ್ರಮ ಸುಧಾರಿಸಿದೆ. ಆದರೆ ನಮ್ಮಲ್ಲಿ ಎಂದೋ ಬಂದು ಹೋದ ಟಿ.ಬಿ.ಯ ಕಲೆ ಎಷ್ಟೋ ಎದೆಗಳಲ್ಲಿದೆ. ಒಂದು ಊರಿನ ನೂರು ಹೆಂಗಸರಿಗೆ ಸಿ.ಟಿ. ಮಾಡಿಸಿದರೆ ಕೈಯಲ್ಲಿ ರಿಪೋರ್ಟ್ ಹಿಡಿದು, ನಿದ್ದೆಗೆಟ್ಟು, ಸಾಲ ಮಾಡಿ, ಮತ್ತೊಂದು ಸಿ.ಟಿ.ಗೆ ಬೆಂಗಳೂರು ಬಸ್ಸು ಹತ್ತುವವರು ಹಲವರಿರುತ್ತಾರೆ. ಅವರಲ್ಲಿ ಬಹುಪಾಲಿನವರಿಗೆ ಏನೂ ಇರುವುದಿಲ್ಲ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಸರ್ಕಾರಿ ತಪಾಸಣೆ ಇರುವಂತೆ ಶ್ವಾಸಕೋಶಕ್ಕೆ ನಮ್ಮ ದೇಶದಲ್ಲಿ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಇಲ್ಲ. ಆ ಹೆಂಗಸಿನ ಜೊತೆ ಮುಂದೆ ನಡೆಯುವವರು ಯಾರೂ ಇರುವುದಿಲ್ಲ ಎಂದರ್ಥ.

ಹಾಗಾದರೆ ಆ್ಯಪ್ ಏನು ಮಾಡಲಿ? ಈಗಾಗಲೇ ಕೆಮ್ಮುತ್ತಿರುವವಳ ಹಿಂದೆ ಹೋಗಲಿ.

ಒಬ್ಬರ ಕಥೆ ಹೇಳುತ್ತೇನೆ, ಗುರುತು ಬದಲಿಸಿದ್ದೇನೆ. ಐವತ್ತೈದರ ಹೆಂಗಸು, ಬೀಡಿ ಕಟ್ಟುವವರು. ತೊಡೆಯ ಮೇಲೆ ಮೊರ ಇಟ್ಟುಕೊಂಡು ದಿನವಿಡೀ ಕೂತು ಕೂತು ಬೆನ್ನು ಬಾಗಿತ್ತು. ಕೆಮ್ಮು ಶುರುವಾಗಿ ತಿಂಗಳಾದ ಮೇಲೆ ಊರಿನ ಕ್ಲಿನಿಕ್ಕಿನಲ್ಲಿ ಸಿರಪ್ಪು. ಆಮೇಲೆ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ, ಬಲಗಡೆ ಮೇಲೆ ನೆರಳು. ಕಫದಲ್ಲಿ ಟಿ.ಬಿ. ಸಿಗಲಿಲ್ಲ, ಆದರೂ ಟಿ.ಬಿ. ಇರಬಹುದೆಂದು ಮಾತ್ರೆ ಶುರುವಾಯಿತು. ಆರು ತಿಂಗಳು ಒಂದು ದಿನ ತಪ್ಪಿಸದೆ ನುಂಗಿದರು. ನನ್ನ ಬಳಿ ಬಂದಾಗ ಸೆರಗಿನ ಗಂಟಿನಿಂದ ಖಾಲಿ ಮಾತ್ರೆ ಹಾಳೆಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. "ಒಂದೂ ಬಿಟ್ಟಿಲ್ಲ ಮೇಡಂ, ಎಣಿಸ್ಕೊಳಿ." ಮೊದಲ ಎಕ್ಸ್‌ರೇ, ಈಗಿನದು ಎರಡನ್ನೂ ಲೈಟಿನ ಮುಂದೆ ಹಿಡಿದೆ. ನೆರಳು ಮೂರು ಪಟ್ಟಾಗಿತ್ತು. ಆ ಆರು ತಿಂಗಳಲ್ಲಿ ಎರಡನೇ ತಿಂಗಳಿಗೋ ಮೂರನೇ ತಿಂಗಳಿಗೋ ಯಾರಾದರೂ ಇನ್ನೊಂದು ಎಕ್ಸ್‌ರೇ ತೆಗೆದು, ಕರಗಿಲ್ಲವಲ್ಲ ಎಂದು ಕೇಳಿದ್ದರೆ! ಯಾರೊಬ್ಬರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಆ ಹೆಂಗಸು ಜಾರಿಬಿದ್ದಿದ್ದರು. ನೆನಪಿಟ್ಟುಕೊಳ್ಳುವ ಕೆಲಸವನ್ನು ಯಾರೂ ಮಾಡಿರಲಿಲ್ಲ, ಮತ್ತು ಅದು ಯಂತ್ರ ಮಾಡಬಲ್ಲ ಕೆಲಸ.

ನಿಮ್ಮ ಶ್ರಮವನ್ನು ಇಲ್ಲಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಹೆಂಗಸಿನ ಹೆಸರು ಒಮ್ಮೆ ಪಟ್ಟಿಗೆ ಬಂದರೆ, ಕೆಮ್ಮು ನಿಂತಿತು ಅಥವಾ ಕಾರಣ ಗೊತ್ತಾಯಿತು ಎನ್ನುವವರೆಗೆ ಅದು ಅಳಿಯಬಾರದು. ಎರಡು ವಾರ ದಾಟಿದ ಕೆಮ್ಮು ಇದ್ದರೆ ಕಫ ಪರೀಕ್ಷೆ, ಎಕ್ಸ್‌ರೇ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿದದ್ದು, ದನಿ ಒಡೆದು ಮೂರು ವಾರವಾದದ್ದು, ಹೊಸದಾಗಿ ಏದುಸಿರು, ಒಂದೇ ಕಡೆ ಎದೆನೋವು, ಇವುಗಳಲ್ಲಿ ಯಾವುದಿದ್ದರೂ ಕಾಯುವುದೇ ಬೇಡ. ಎಕ್ಸ್‌ರೇಯಲ್ಲಿ ನೆರಳಿದ್ದು ಟಿ.ಬಿ. ಸಿಗದಿದ್ದರೆ ಆ ಹೆಸರಿಗೆ ಕೆಂಪು ಬಣ್ಣ ಬರಲಿ. ಮುಂದಿನ ಹೆಜ್ಜೆ ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನಲ್ಲಿ ಸಿ.ಟಿ. ಈ ಸಿ.ಟಿ. ತಪಾಸಣೆಗಲ್ಲ, ರೋಗ ಪತ್ತೆಗೆ. ಇದಕ್ಕೆ ಯಾವ ಅಳುಕೂ ಬೇಡ. ಟಿ.ಬಿ. ಮಾತ್ರೆ ಶುರುವಾದವರಿಗೆ ಎರಡು ತಿಂಗಳಿಗೆ ಒಂದು ಕರೆ ಹೋಗಲಿ: "ಕೆಮ್ಮು ಕಡಿಮೆಯಾಯಿತೇ? ತೂಕ ಏರಿತೇ?" ಎರಡಕ್ಕೂ ಇಲ್ಲ ಎಂದರೆ ಮತ್ತೆ ಕೆಂಪು. ಕೆಂಪು ಹೆಸರುಗಳನ್ನು ವಾರಕ್ಕೊಮ್ಮೆ ಒಬ್ಬ ಮನುಷ್ಯ ನೋಡಬೇಕು, ಫೋನ್ ಮಾಡಬೇಕು, ಯಾವ ದಿನ ಯಾವ ಕೌಂಟರ್‌ಗೆ ಹೋಗಬೇಕೆಂದು ಹೇಳಬೇಕು, ಹೋಗಿ ಬಂದರೇ ಎಂದು ಮತ್ತೆ ಕೇಳಬೇಕು. ಆ ಮನುಷ್ಯ ಯಾರು, ಸಂಬಳ ಯಾರು ಕೊಡುತ್ತಾರೆ ಎಂದು ತೀರ್ಮಾನವಾಗುವವರೆಗೆ ಆ್ಯಪ್ ಬಿಡುಗಡೆ ಮಾಡಬೇಡಿ.

ಇದಕ್ಕೆ ಒಳ್ಳೆಯ ಕಾಲವೂ ಬಂದಿದೆ. ಎದೆಯ ಎಕ್ಸ್‌ರೇಯನ್ನು ಕಂಪ್ಯೂಟರ್ ಓದಿ ಟಿ.ಬಿ. ಅನುಮಾನ ಹೇಳುವ ತಂತ್ರಾಂಶಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಟಿ.ಬಿ. ಶಿಬಿರಗಳ ಜೊತೆ ಹಳ್ಳಿಗೂ ಬರುತ್ತಿವೆ. ಅಮೆರಿಕದ ಹೆಂಗಸು ಮ್ಯಾಮೊಗ್ರಾಮ್‌ಗೆ ಬಂದು ನಿಂತಂತೆ ನಮ್ಮ ಹೆಂಗಸು ಬಂದು ನಿಲ್ಲುವ ಬಾಗಿಲು ಇದು. ಅಲ್ಲಿ "ಟಿ.ಬಿ. ಇಲ್ಲ, ಮನೆಗೆ ಹೋಗಮ್ಮ" ಎಂದು ಕಳಿಸುವ ಮುನ್ನ ನೆರಳಿರುವವರ ಹೆಸರು ನಿಮ್ಮ ಪಟ್ಟಿಗೆ ಬರುವಂತೆ ಜಿಲ್ಲಾ ಟಿ.ಬಿ. ಅಧಿಕಾರಿಗಳ ಜೊತೆ ಮಾತಾಡಿ. ಆಶಾಗಳ ಸಿಬ್ಯಾಕ್ ಫಾರಂನಲ್ಲಿ ಕೆಮ್ಮಿನ ಪ್ರಶ್ನೆಯೂ ಒಲೆಯ ಪ್ರಶ್ನೆಯೂ ಈಗಾಗಲೇ ಇವೆ. ಇನ್ನೊಂದು ಆ್ಯಪನ್ನು ಆಶಾಗಳ ತಲೆಗೆ ಕಟ್ಟಬೇಡಿ, ಅವರ ಫೋನಿನಲ್ಲಿ ಜಾಗವೂ ಇಲ್ಲ, ದಿನದಲ್ಲಿ ಹೊತ್ತೂ ಇಲ್ಲ. ಇರುವ ಉತ್ತರಗಳು ಮುಂದೆ ಹರಿಯುವಂತೆ ಮಾಡಲು ಆಗುತ್ತದೆಯೇ ನೋಡಿ.

ಆ್ಯಪ್ ಎಂದೆ, ನಿಜಕ್ಕೂ ಆ್ಯಪ್ ಬೇಕೇ ಎಂಬ ಅನುಮಾನ ನನಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54, ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು 33. ಅದೂ 15ರಿಂದ 49 ವಯಸ್ಸಿನವರಲ್ಲಿ. ನಮಗೆ ಬೇಕಾದ ಹೆಂಗಸರು ಅವರ ಅಮ್ಮಂದಿರು, ಅತ್ತೆಯರು. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು, ಇಲ್ಲವೇ ಮಗನ ಹಳೆಯ ಫೋನು. ಗರ್ಭಿಣಿಯರಿಗೆ ವಾರವಾರ ಧ್ವನಿಕರೆ ಕಳಿಸುವ ಕೇಂದ್ರ ಸರ್ಕಾರದ ಕಿಲ್ಕಾರಿ ಯೋಜನೆ ಬರಹವನ್ನು ಬಿಟ್ಟು ದನಿಯನ್ನು ಆರಿಸಿಕೊಂಡದ್ದು ಇದಕ್ಕೇ. ನೀವೂ ಕರೆಯನ್ನೇ ಆರಿಸಿಕೊಳ್ಳಿ. ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬರಲಿ, ದನಿ ನಿಮ್ಮ ಸೀಮೆಯ ಹೆಂಗಸಿನದಾಗಿರಲಿ. ಪುಸ್ತಕದ ಕನ್ನಡ ಬೇಡ. ಕೆಮ್ಮು, ದಮ್ಮು, ಏದುಸಿರು ಎನ್ನಿ.

"ಸ್ಕ್ಯಾನಿಂಗ್" ಎಂಬ ಪದವನ್ನಂತೂ ಬಳಸಲೇಬೇಡಿ. ಒಮ್ಮೆ ಶಿಬಿರವೊಂದರಲ್ಲಿ "ಸ್ಕ್ಯಾನಿಂಗ್‌ಗೆ ಬನ್ನಿ" ಎಂದು ಬರೆದುಕೊಟ್ಟಿದ್ದೆವು. ಅರವತ್ತರ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ಈ ವಯಸ್ಸಲ್ಲಿ ನಂಗ್ಯಾಕವ್ವ ಸ್ಕ್ಯಾನಿಂಗು, ನಾಚ್ಕೆ ಆಗಲ್ವಾ" ಎಂದು ಸೆರಗು ಮುಚ್ಚಿಕೊಂಡರು. ನಮ್ಮ ಹಳ್ಳಿಗಳಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರ ಹೊಟ್ಟೆಯದ್ದು. ಎದೆ ಫೋಟೊ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಸಿ.ಟಿ.ಗೆ "ಎದೆಯ ದೊಡ್ಡ ಫೋಟೊ, ಮಲಗಿಸಿ ತೆಗೆಯುವುದು, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ" ಎಂದರೆ ಅರ್ಧ ಭಯ ಹೋಗುತ್ತದೆ.

ಫೋನು ಒಬ್ಬರದ್ದೇ ಆಗಿರುವುದಿಲ್ಲ, ಇದನ್ನು ಮರೆಯಬೇಡಿ. "ಕ್ಯಾನ್ಸರ್ ಅಪಾಯ" ಎಂಬ ಸಂದೇಶವನ್ನು ಮೊದಲು ನೋಡುವುದು ಮಗ, ಸೊಸೆ, ಮದುವೆಗೆ ಬಂದ ಮೊಮ್ಮಗಳನ್ನು ನೋಡಲು ಬಂದ ನೆಂಟರು. ಸಂದೇಶದಲ್ಲಿ ಕಾಯಿಲೆಯ ಹೆಸರು ಇರಕೂಡದು. "ಸಂಘದ ಆರೋಗ್ಯ ಕರೆ, ಬಿಡುವಾದಾಗ ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ" ಎಂದರೆ ಸಾಕು. ಸಂಘದ ವಾಟ್ಸಾಪ್ ಗುಂಪಿಗೆ ಯಾರ ಫಲಿತಾಂಶವೂ ಹೋಗಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆ ಒಪ್ಪಿಗೆ ಕೇಳಿ ಎನ್ನುತ್ತದೆ. ಕಾಯ್ದೆಯ ಮಾತಿರಲಿ, ಸಾಲ ಕೊಡುವ ಸಂಘದ ಕೈಗೆ ಸದಸ್ಯೆಯ ಕಾಯಿಲೆಯ ಸುದ್ದಿ ಸಿಕ್ಕರೆ ಏನಾಗುತ್ತದೆ ಎಂದು ನಿಮ್ಮ ಊರಿನವರೇ ಆದ ನಿಮಗೆ ನಾನು ಹೇಳಬೇಕಿಲ್ಲ. ಸಂಘ ಕರೆಯನ್ನು ಪರಿಚಯಿಸಲಿ, ಉತ್ತರಗಳು ಸಂಘಕ್ಕೆ ಕಾಣದಿರಲಿ.

ಮನೆಯ ಗಂಡಸರ ಬೀಡಿಯನ್ನು ಬಿಡಿಸುವುದು ಹೆಂಗಸಿನ ತಪಾಸಣೆಯಷ್ಟೇ ದೊಡ್ಡ ಕೆಲಸ. 2016-17ರ ಆ ತಂಬಾಕು ಸಮೀಕ್ಷೆಯಲ್ಲೇ ಮನೆಯೊಳಗೆ ಬೇರೆಯವರ ಹೊಗೆ ಕುಡಿಯುವ ವಯಸ್ಕರು ನೂರಕ್ಕೆ 38.7. ಕರೆಯ ಕೊನೆಯಲ್ಲಿ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಹೇಳಿ.

ಕೆಲಸ ಫಲ ಕೊಟ್ಟಿತೇ ಎಂದು ನೋಡಲು ಡೌನ್‌ಲೋಡ್ ಎಣಿಸಬೇಡಿ, ಕರೆ ಎಣಿಸಬೇಡಿ. ಕೆಮ್ಮು ಶುರುವಾದ ದಿನದಿಂದ ಸಿ.ಟಿ. ಆದ ದಿನದವರೆಗೆ ಎಷ್ಟು ದಿನವಾಯಿತು ಎಂದು ಬರೆದಿಡಿ. ಆ ಬೀಡಿ ಕಟ್ಟುವ ಹೆಂಗಸಿಗೆ ಎಂಟು ತಿಂಗಳಾಗಿತ್ತು. ನಿಮ್ಮ ಪಟ್ಟಿಯಲ್ಲಿ ಅದು ಎರಡು ತಿಂಗಳಾದರೆ ನನಗೆ ಬರೆದು ತಿಳಿಸಿ, ನಾನೇ ನಿಮ್ಮಲ್ಲಿಗೆ ಬಂದು ನೋಡುತ್ತೇನೆ.

ಈಗ ನಿಮ್ಮ ಅಮ್ಮ. ಅವರೂ ಸೇದಿದವರಲ್ಲ ಎಂದುಕೊಂಡು ಹೇಳುವುದಾದರೆ, ಅಮೆರಿಕದ ನಿಯಮದ ಪ್ರಕಾರ ಅವರು ತಪಾಸಣೆಗೆ ಅರ್ಹರಲ್ಲ. ತೈವಾನಿನಲ್ಲಿ ಇದ್ದಿದ್ದರೆ ಒಡಹುಟ್ಟಿದವರಿಗೆ ಬಂದದ್ದರಿಂದ ಅರ್ಹರು. ನಮ್ಮಲ್ಲಿ ನಿಯಮವೇ ಇಲ್ಲ, ಹಾಗಾಗಿ ಇದು ಅಮ್ಮನೂ ಅವರ ವೈದ್ಯರೂ ಕೂತು ತೀರ್ಮಾನಿಸುವ ವಿಷಯ. ಅವರಿಗೆ ಕೆಮ್ಮು, ದಮ್ಮು ಏನಾದರೂ ಇದ್ದರೆ ಚರ್ಚೆಯೇ ಬೇಡ, ಈ ವಾರವೇ ತೋರಿಸಿ. ಏನೂ ಇಲ್ಲದಿದ್ದರೆ, ಒಡಹುಟ್ಟಿದ ತಂಗಿಯ ಕಾಯಿಲೆ, ನಲವತ್ತು ವರ್ಷದ ಒಲೆ ಎರಡೂ ಇದ್ದರೆ, ನಾನಾದರೆ ಒಮ್ಮೆ ಕಡಿಮೆ ವಿಕಿರಣದ ಸಿ.ಟಿ.ಯ ಮಾತು ತೆಗೆಯುತ್ತೇನೆ. ಅದರ ವಿಕಿರಣ ನಿಸರ್ಗದಿಂದ ವರ್ಷವೊಂದರಲ್ಲಿ ನಮ್ಮೆಲ್ಲರ ಮೈಗೆ ತಾಗುವುದಕ್ಕಿಂತ ಕಡಿಮೆ, ಅದು ಚಿಂತೆಯಲ್ಲ. ಚಿಂತೆಯೆಂದರೆ ಚಿಕ್ಕದೊಂದು ಗಂಟು ಕಂಡರೆ ಆರು ತಿಂಗಳೋ ವರ್ಷವೋ ಕಾದು ಮತ್ತೆ ನೋಡಬೇಕಾಗಬಹುದು. ಆ ಕಾಯುವಿಕೆಯನ್ನು ಅಮ್ಮ ತಡೆದುಕೊಳ್ಳುತ್ತಾರೆಯೇ? ಇದನ್ನು ಮೊದಲೇ ಅವರನ್ನು ಕೇಳಿ. ನೀವು ತೀರ್ಮಾನಿಸಿ ಕರೆದುಕೊಂಡು ಹೋಗಬೇಡಿ. ಬೇಡ ಎಂದರೆ ಅದೂ ಸರಿಯಾದ ಉತ್ತರವೇ. "ಹೋಗಲಿ, ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿಬಿಡೋಣ" ಎಂಬ ಸಮಾಧಾನಕ್ಕೆ ಮಾತ್ರ ಬೀಳಬೇಡಿ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ಪಿ.ಎಲ್.ಸಿ.ಒ. ಎಂಬ ಅಮೆರಿಕದ ಪ್ರಯೋಗದಲ್ಲಿ ವರ್ಷವರ್ಷದ ಎಕ್ಸ್‌ರೇ ಶ್ವಾಸಕೋಶದ ಕ್ಯಾನ್ಸರ್‌ನ ಸಾವನ್ನು ತಗ್ಗಿಸಿದಂತೆ ಕಾಣಲಿಲ್ಲ.

ವೈದ್ಯರ ಬಳಿ ಹೋಗುವಾಗ ಚಿಕ್ಕಮ್ಮನ ಬಯಾಪ್ಸಿ ವರದಿ ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ. ಯಾವ ಬಗೆಯ ಕ್ಯಾನ್ಸರ್, ಕ್ಯಾನ್ಸರ್ ಕೋಶದ ಒಂದು ಜೀನ್‌ನಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಇ.ಜಿ.ಎಫ್.ಆರ್. ಪರೀಕ್ಷೆ ಮಾಡಿದ್ದರೆ ಏನು ಬಂದಿತ್ತು ಎಂಬುದು ಅದರಲ್ಲಿರುತ್ತದೆ. ಸೇದದ ಏಷ್ಯಾದ ಹೆಂಗಸರಲ್ಲಿ ಆ ಬದಲಾವಣೆ ಹೆಚ್ಚು. ಜೊತೆಗೆ ಅಮ್ಮನ ಹಳೆಯ ಎದೆ ಫೋಟೊ ಯಾವುದಾದರೂ ಅಲಮಾರಿಯಲ್ಲಿ ಇದೆಯೇ ನೋಡಿ. ಹತ್ತು ವರ್ಷದ ಹಿಂದಿನದಾದರೂ ಸರಿ. ಹೊಸದರಲ್ಲಿ ಏನಾದರೂ ಕಂಡರೆ, ಅದು ಆಗಲೇ ಇತ್ತೇ ಎಂದು ಹೇಳಬಲ್ಲದ್ದು ಆ ಹಳೆಯ ಹಾಳೆ.